ಬೆತ್ತಲಾಗುವ ಮೈ, ಬಟ್ಟೆ ತೊಟ್ಟ ಯಂತ್ರ

ಹೊಲದ ಮೇಲೆ ಹಾದುಹೋಗುವ ನೆರಳನ್ನು ಬಿಟ್ಟರೆ ವಿಮಾನದ ಜತೆ ನಂಟೇ ಇಲ್ಲದ ನಮಗೆ ವಿಮಾನ ನಿಲ್ದಾಣದ ತಪಾಸಣೆಯ ಗೊಡವೆ ಯಾಕೆ ಅಂತ ಗೆಳೆಯರು ಕೇಳಬಹುದು. ಕೇಳಲಿ. ಕೂಲಿ, ಬರ, ಹಾಸ್ಟೆಲಿನ ಹುಳ ಬಿದ್ದ ಅನ್ನ, ಇಷ್ಟೆಲ್ಲ ಎದುರಿಗಿರುವಾಗ ಅಮೆರಿಕದ ಪ್ರಯಾಣಿಕರ ಮಾನದ ಪ್ರಶ್ನೆಯನ್ನು ಈ ಪುಟಗಳಿಗೆ ತಂದರೆ ಉಳ್ಳವರ ಮೂಟೆಯನ್ನು ನಾವು ಬಿಟ್ಟಿ ಹೊತ್ತ ಹಾಗೆ ಕಾಣಬಹುದು. ಆದರೆ ಒಬ್ಬ ಮನುಷ್ಯನ ಮೈಯನ್ನು ಯಾರು ನೋಡಬಹುದು, ಯಾವ ಅಧಿಕಾರದಿಂದ ನೋಡಬಹುದು, ಯಾರನ್ನು ಮುಟ್ಟಬಹುದು, ಯಾರನ್ನು ಮುಟ್ಟಬಾರದು ಅನ್ನುವ ಮಾತು ಬಂದರೆ, ಅದರಲ್ಲಿ ನಮ್ಮಷ್ಟು ಪಳಗಿದವರು ಈ ದೇಶದಲ್ಲಿ ಇನ್ಯಾರಿದ್ದಾರೆ ಸ್ವಾಮಿ?

ಈಚೆಗೆ ನಾವು ಮೂರು ಬರಹಗಳನ್ನು ಓದಿದೆವು. ಮೂರೂ ಇಂಗ್ಲಿಷಿನವು, ಮೂರೂ ಎಕ್ಸ್‌ರೇಯಿಂದ ಮೈ ತಪಾಸಣೆ ಮಾಡುವ ಯಂತ್ರದ ಬಗ್ಗೆ. ಒಂದು, 2010ರ ಏಪ್ರಿಲಿನಲ್ಲಿ ಕ್ಯಾಲಿಫೋರ್ನಿಯಾದ ನಾಲ್ವರು ವಿಜ್ಞಾನಿಗಳು ಅಮೆರಿಕದ ಅಧ್ಯಕ್ಷರ ವಿಜ್ಞಾನ ಸಲಹೆಗಾರ ಜಾನ್ ಹೋಲ್ಡ್ರೆನ್ ಅವರಿಗೆ ಬರೆದ ಪತ್ರ. ಎರಡು, ಅದೇ ವರ್ಷದ ಅಕ್ಟೋಬರಿನಲ್ಲಿ ಸರ್ಕಾರದ ಕಡೆಯಿಂದ ಬಂದ ಉತ್ತರ. ಮೂರು, 2014ರಲ್ಲಿ ಮೂರು ವಿಶ್ವವಿದ್ಯಾಲಯಗಳ ಕಂಪ್ಯೂಟರ್ ವಿಜ್ಞಾನಿಗಳು ಸೇರಿ ಬರೆದ ಪ್ರಬಂಧ. ಇವು ಕವಿತೆಗಳಲ್ಲ. ಆದರೂ ಕವಿತೆ ಓದುವ ಕಣ್ಣಿಂದಲೇ ಓದಿದೆವು. ಮಾತು ಯಾರದು, ಯಾರ ಕಿವಿಗೆ ಹೇಳುತ್ತಿದೆ, ಎಲ್ಲಿ ತಡವರಿಸುತ್ತದೆ, ಏನನ್ನು ನುಂಗಿಕೊಳ್ಳುತ್ತದೆ ಅಂತ ನೋಡಿದೆವು. ವಿಜ್ಞಾನದ ಬರಹಕ್ಕೆ ಸಾಹಿತ್ಯ ವಿಮರ್ಶೆಯ ಅಳತೆಗೋಲು ಹಿಡಿಯುವುದು ತಪ್ಪು ಅನ್ನುವ ಪಂಡಿತರು ಇದ್ದಾರೆ. ಅವರೇ ನಮ್ಮ ಕವಿತೆಗಳನ್ನು ಸಮಾಜಶಾಸ್ತ್ರದ ತಕ್ಕಡಿಯಲ್ಲಿ ತೂಗುತ್ತಾ ಕೂತಿಲ್ಲವೆ?

ಹಿನ್ನೆಲೆ ಹೇಳಬೇಕು. 2009ರ ಡಿಸೆಂಬರ್ 25ರಂದು ಆಂಸ್ಟರ್‌ಡ್ಯಾಮಿನಿಂದ ಡೆಟ್ರಾಯಿಟಿಗೆ ಹೊರಟ ವಿಮಾನದಲ್ಲಿ ನೈಜೀರಿಯಾದ ಒಬ್ಬ ಯುವಕ ಒಳಚಡ್ಡಿಯೊಳಗೆ ಸಿಡಿಮದ್ದು ಹೊಲಿಸಿಕೊಂಡು ಬಂದಿದ್ದ. ಅದು ನೆಟ್ಟಗೆ ಸಿಡಿಯಲಿಲ್ಲ, ಜತೆಯ ಪ್ರಯಾಣಿಕರು ಅವನನ್ನು ಹಿಡಿದು ಹಾಕಿದರು. ಲೋಹ ಕಂಡರೆ ಕೂಗುವ ಹಳೆಯ ಬಾಗಿಲಿಗೆ ಇಂಥ ಪುಡಿ ಕಾಣುವುದಿಲ್ಲ. ಹಾಗಾಗಿ ಬಟ್ಟೆಯ ಒಳಗೇ ನೋಡುವ ಯಂತ್ರಗಳನ್ನು ಟಿ.ಎಸ್.ಎ. ಅನ್ನುವ ಅಲ್ಲಿನ ಸಾರಿಗೆ ಭದ್ರತಾ ಇಲಾಖೆ 2010ರಲ್ಲಿ ಸಾಲುಸಾಲಾಗಿ ತಂದು ನಿಲ್ಲಿಸಿತು. ಅದರಲ್ಲಿ ಎರಡು ಜಾತಿ. ಒಂದು ರೇಡಿಯೋ ಅಲೆಯಂಥ ಮಿಲಿಮೀಟರ್ ಅಲೆಯದು. ಇನ್ನೊಂದು ಎಕ್ಸ್‌ರೇಯದು. ಆಸ್ಪತ್ರೆಯ ಎಕ್ಸ್‌ರೇ ಮೈಯನ್ನು ತೂರಿಕೊಂಡು ಹೋಗಿ ಆಚೆ ಮೂಳೆಯ ನೆರಳು ಬೀಳಿಸುತ್ತದೆ. ಇದು ಹಾಗಲ್ಲ. ತೀರಾ ಮೆದು ಕಿರಣ, ಬಟ್ಟೆ ದಾಟಿ ಚರ್ಮಕ್ಕೆ ಬಡಿದು ವಾಪಸು ಚಿಮ್ಮುತ್ತದೆ. ಹಾಗೆ ಚಿಮ್ಮಿದ್ದನ್ನು ಹಿಡಿದು ಯಂತ್ರ ಚಿತ್ರ ಬರೆಯುತ್ತದೆ. ಮಾಂಸ ಬೆಳ್ಳಗೆ, ಲೋಹ ಕರ್ರಗೆ. ಮೈಮೇಲೆ ನೂಲಿಲ್ಲದ ಮನುಷ್ಯನ ಚಿತ್ರ. ಅದನ್ನು ನೋಡುವ ಅಧಿಕಾರಿ ಬೇರೊಂದು ಮುಚ್ಚಿದ ಕೋಣೆಯಲ್ಲಿ ಕೂತಿರುತ್ತಿದ್ದ. ಯಂತ್ರ ಬೇಡ ಅಂದವರನ್ನು ಕೈಯಿಂದ ತಡಕುತ್ತಿದ್ದರು, ತೊಡೆಸಂದು ಎದೆ ಯಾವುದನ್ನೂ ಬಿಡದೆ.

ಈಗ ಆ ಪತ್ರಕ್ಕೆ ಬರೋಣ. ಬರೆದವರು ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜಾನ್ ಸೆಡಾಟ್, ಡೇವಿಡ್ ಅಗಾರ್ಡ್, ಮಾರ್ಕ್ ಶುಮನ್, ರಾಬರ್ಟ್ ಸ್ಟ್ರೌಡ್. ಇವರಲ್ಲಿ ಕ್ಯಾನ್ಸರ್ ವೈದ್ಯರೂ ಇದ್ದಾರೆ, ಎಕ್ಸ್‌ರೇ ಹಿಡಿದು ಅಣುಗಳ ರಚನೆ ಓದುವವರೂ ಇದ್ದಾರೆ. ಅಂದರೆ ಎಕ್ಸ್‌ರೇಗೆ ಹೆದರಿ ಓಡುವವರಲ್ಲ, ಅದರ ಜತೆ ಬಾಳ್ವೆ ಮಾಡಿದವರು. ಅವರ ವಾದದ ತಿರುಳು ಇಷ್ಟು: ಈ ಯಂತ್ರದ ಕಿರಣವನ್ನು ಎದೆಯ ಎಕ್ಸ್‌ರೇಗೋ ವಿಮಾನದಲ್ಲಿ ಆಕಾಶದಿಂದ ಬೀಳುವ ಕಿರಣಕ್ಕೋ ಹೋಲಿಸಿ ಏನೂ ಇಲ್ಲ ಅನ್ನುತ್ತಿದ್ದೀರಿ. ಅವೆರಡೂ ಇಡೀ ಮೈಗೆ ಹಂಚಿಹೋಗುತ್ತವೆ. ಇದು ಚರ್ಮದಲ್ಲಿ, ಅದರ ಕೆಳಗಿನ ಪದರದಲ್ಲೇ ಇಂಗಿಬಿಡುತ್ತದೆ. ಇಡೀ ಮೈಯ ತೂಕಕ್ಕೆ ಭಾಗಿಸಿದರೆ ಲೆಕ್ಕ ಸಣ್ಣದಾಗಿ ಕಾಣುವುದು ಸಹಜ.

ನಮ್ಮ ಭಾಷೆಯಲ್ಲಿ ಹೇಳೋದಾದರೆ, ಒಂದು ಕೊಡ ನೀರನ್ನು ಎಕರೆ ಗದ್ದೆಗೆ ಹಂಚಿ ಲೆಕ್ಕ ಹಾಕಿದರೆ ಮಣ್ಣು ಹಸಿಯೂ ಆಗೋದಿಲ್ಲ. ಅದೇ ಕೊಡವನ್ನು ಒಂದು ಸಸಿಯ ಬುಡಕ್ಕೇ ಸುರಿದರೆ? ಸರಾಸರಿ ಅನ್ನೋದು ಇಂಥ ಮಾಯಾವಿ. ಊರಿನ ಸರಾಸರಿ ಆದಾಯ ಹೇಳಿ ಕೇರಿಯ ಹಸಿವನ್ನು ಮುಚ್ಚಿಹಾಕುವ ಲೆಕ್ಕವನ್ನು ನಾವು ಕಂಡಿಲ್ಲವೆ? ಪತ್ರದ ಶಕ್ತಿ ಇರುವುದು ಇಲ್ಲಿ. ಅದು ಸರಾಸರಿಯನ್ನು ಒಡೆದು, ಯಾರ ಚರ್ಮ, ಯಾವ ಮೈ ಅಂತ ಕೇಳುತ್ತದೆ. ಮುದುಕರು, ಬಸುರಿಯರು, ಮಕ್ಕಳು, ರೋಗನಿರೋಧಕ ಶಕ್ತಿ ಕುಂದಿದವರು, ಮನೆತನದಲ್ಲೇ ಸ್ತನ ಕ್ಯಾನ್ಸರ್ ಹರಿದುಬಂದ ಹೆಂಗಸರು, ಹೀಗೆ ಒಬ್ಬೊಬ್ಬರನ್ನೇ ಹೆಸರಿಟ್ಟು ಕರೆಯುತ್ತದೆ. ಅಳತೆಯನ್ನು ಸ್ವತಂತ್ರರಾದ ಬೇರೆಯವರು ಮಾಡಿದ್ದಾರಾ, ಮಾಡಿದ್ದರೆ ತೋರಿಸಿ ಅನ್ನುತ್ತದೆ.

ಪತ್ರಕ್ಕೆ ಮಿತಿಗಳೂ ಇವೆ. ಅದು ಅರಮನೆಗೆ ಬರೆದ ಬಿನ್ನವತ್ತಳೆ. ದೊಡ್ಡವರು ದೊಡ್ಡವರಿಗೆ ಬರೆದದ್ದು. ಬೆತ್ತಲೆ ಚಿತ್ರದ ಅವಮಾನದ ಬಗ್ಗೆ ಅದು ವಾದ ಹೂಡುವುದಿಲ್ಲ, ಅದರ ಪಾಲಿಗೆ ಚರ್ಮ ಅಂದರೆ ಜೀವಕೋಶಗಳ ಪದರ, ಅಷ್ಟೆ. ಚರ್ಮಕ್ಕೆ ಇನ್ನೊಂದು ಚರಿತ್ರೆ ಇದೆ ಅಂತ ಆ ನಾಲ್ವರಿಗೆ ಹೊಳೆದಿದ್ದರೆ ಪತ್ರ ಬೇರೆಯೇ ಆಗುತ್ತಿತ್ತು.

ಆರು ತಿಂಗಳಾದ ಮೇಲೆ ಆಹಾರ ಮತ್ತು ಔಷಧ ಇಲಾಖೆಯವರೂ ಭದ್ರತಾ ಇಲಾಖೆಯವರೂ ಕೂಡಿ ಕೊಟ್ಟ ಉತ್ತರವನ್ನು ಓದುವಾಗ ನಮಗೆ ತಾಲ್ಲೂಕು ಕಛೇರಿಯ ಹಿಂಬರಹಗಳು ನೆನಪಾದವು. ಸಭ್ಯವಾದ ಭಾಷೆ. ಪ್ರತಿ ಸಾಲಿನ ಹಿಂದೆ ಒಂದು ಸಂಸ್ಥೆ, ಒಂದು ಮಾನದಂಡ, ಒಂದು ಸಮಿತಿ. ಮಾನದಂಡದ ಪ್ರಕಾರ ಒಂದು ಸಲ ನಿಂತರೆ ಮೈಗೆ ಬೀಳುವ ಕಿರಣ 0.25 ಮೈಕ್ರೋಸೀವರ್ಟ್ ಮೀರಬಾರದು, ವರ್ಷಕ್ಕೆ 250 ಮೀರಬಾರದು. ಅಂದರೆ ವರ್ಷದಲ್ಲಿ ಸಾವಿರ ಸಲ ನಿಂತರೂ ಚಿಂತೆಯಿಲ್ಲ. ಚರ್ಮದ ಲೆಕ್ಕವನ್ನೂ ಬೇರೆಯಾಗಿ ಮಾಡಿದ್ದೇವೆ, ಅದೂ ಮಿತಿಗಿಂತ ಬಹಳ ಕೆಳಗಿದೆ. ಇದು ಉತ್ತರದ ಸಾರ. ಆದರೆ ಅಳತೆ ಮಾಡಿದವರ ಮುಖ್ಯ ವರದಿ ಸಾರ್ವಜನಿಕರ ಕೈಗೆ ಬಂದಾಗ ಬೇಕಾದ ಕಡೆಗೆಲ್ಲ ಕಪ್ಪು ಮಸಿ ಬಳಿದಿತ್ತು. ಇನ್ನೊಬ್ಬ ವಿಜ್ಞಾನಿ ಅದೇ ಅಳತೆಯನ್ನು ತಿರುಗಿ ಮಾಡಿ ನೋಡಲು ಬೇಕಾದ ವಿವರವೇ ಇಲ್ಲ. ಭದ್ರತೆಯ ಗುಟ್ಟಂತೆ!

ಪ್ರಯಾಣಿಕನ ಮೈಯಲ್ಲಿ ಯಾವ ಗುಟ್ಟೂ ಇರಕೂಡದು, ಯಂತ್ರದ ಮೈಯೆಲ್ಲ ಗುಟ್ಟು. ಮನುಷ್ಯ ಬೆತ್ತಲೆ, ಯಂತ್ರಕ್ಕೆ ಮಾತ್ರ ಮೈತುಂಬ ಬಟ್ಟೆ. ವಿಜ್ಞಾನದ ರಾಜಕೀಯ ಅಂತ ನಾವು ಕರೆಯುವುದು ಇದನ್ನೇ. ವೇದ ಕೇಳಿದ ಶೂದ್ರನ ಕಿವಿಗೆ ಕಾದ ಸೀಸ ಹೊಯ್ಯಿರಿ ಅಂದವರ ಕಾಲ ಹೋಯಿತು ಅಂದುಕೊಂಡಿದ್ದೆವು. ಎಕ್ಸ್‌ರೇಯನ್ನು ತಡೆಯುವ ಲೋಹವೂ ಸೀಸವೇ ಅನ್ನೋದು ಕಾಕತಾಳೀಯ ಇರಬಹುದು. ಆದರೆ ಮಂತ್ರ ನಿನ್ನ ಮೇಲೆ ಪ್ರಯೋಗವಾಗಲಿ, ಅದರ ಅರ್ಥ ಮಾತ್ರ ಕೇಳಬೇಡ ಅನ್ನುವ ದನಿ ಹಳೆಯದೇ.

ಇಲ್ಲಿ ನಮ್ಮವರ ಜತೆಗೇ ಒಂದು ಜಗಳ ಇದೆ. ಇದನ್ನೆಲ್ಲ ಕೇಳಿದ ಕೂಡಲೇ ಕೆಲವು ಕಾರ್ಯಕರ್ತ ಗೆಳೆಯರು, ನೋಡಿ, ವಿಜ್ಞಾನವೇ ಹಾಗೆ, ಅದು ಬಂಡವಾಳಶಾಹಿಯ ಹುನ್ನಾರ, ಯಂತ್ರ ಅಂದರೆ ವಿಷ ಅಂತ ಶುರು ಮಾಡ್ತಾರೆ. ನಾವು ಒಪ್ಪುವುದಿಲ್ಲ. ನಾಲ್ವರು ವಿಜ್ಞಾನಿಗಳು ಪಟ್ಟ ಭಯ ನಿಜವಾಗಲಿಲ್ಲ, ಅದನ್ನೂ ಬರೆಯಬೇಕು. 2013ರಲ್ಲಿ ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘ ನಿಲ್ದಾಣದ ಯಂತ್ರಗಳನ್ನು ತಾನೇ ಅಳೆದು ನೋಡಿತು, ಕಿರಣ ಮಿತಿಗಿಂತ ತೀರಾ ಕಡಿಮೆ ಇತ್ತು. 2015ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸಮಿತಿಯೂ ಅದನ್ನೇ ಹೇಳಿತು. 2011ರಲ್ಲಿ ಬಂದ ಒಂದು ಲೆಕ್ಕದ ಪ್ರಕಾರ ಹತ್ತು ಕೋಟಿ ಪ್ರಯಾಣಿಕರಲ್ಲಿ ಅವರ ಜೀವಮಾನ ಪೂರ್ತಿ ಸೇರಿ ಹೆಚ್ಚಾಗಬಹುದಾದ ಕ್ಯಾನ್ಸರ್ ಆರು. ಆರು ಜನ ಮನುಷ್ಯರಲ್ಲವಾ ಅಂತ ಕೇಳಬಹುದು, ಕೇಳಲೇಬೇಕು. ಯುರೋಪಿನವರು ಆ ಆರನ್ನೂ ಬೇಡ ಅಂದರು. ಎಕ್ಸ್‌ರೇ ಇಲ್ಲದ ಯಂತ್ರವೇ ಇರುವಾಗ ಎಕ್ಸ್‌ರೇ ಯಾಕೆ ಅಂತ 2011ರ ನವೆಂಬರಿನಲ್ಲಿ ಅದನ್ನು ಹೊರಗಿಟ್ಟರು. ಆದರೆ ಇಲ್ಲದ ವಿಷವನ್ನು ಇದೆ ಅಂತ ಹೇಳಿ ಜನರನ್ನು ಹೆದರಿಸುವುದು ನಮ್ಮ ಕೆಲಸವಲ್ಲ.

ಯಾಕಂದರೆ ವಿಜ್ಞಾನ ನಮಗೆ ಬೇಕು. ನಮ್ಮ ಮನೆಗಳಲ್ಲಿ ಮೊದಲ ಡಿಗ್ರಿ ಕಂಡವರು ನಾವು. ನಮ್ಮ ಅಜ್ಜಂದಿರು ಕೆಮ್ಮಿ ಕೆಮ್ಮಿ ಸತ್ತಾಗ ಅದನ್ನು ಮಾಟ ಅಂದರು, ದೇವರ ಮುನಿಸು ಅಂದರು. ಅಪ್ಪಂದಿರ ಕಾಲಕ್ಕೆ ಒಂದು ಎಕ್ಸ್‌ರೇ ಹಾಳೆ ಬಂತು, ಬೆಳಕಿಗೆ ಹಿಡಿದ ವೈದ್ಯರು ಇದು ಕ್ಷಯ, ಮಾತ್ರೆ ತಗೊಂಡರೆ ವಾಸಿಯಾಗುತ್ತೆ ಅಂದರು. ಆ ಹಾಳೆಗೆ ಜಾತಿ ಕಾಣಲಿಲ್ಲ, ಶ್ವಾಸಕೋಶ ಕಂಡಿತು. ಅಂಬೇಡ್ಕರ್, ಪೆರಿಯಾರ್ ಇಬ್ಬರೂ ಪುರೋಹಿತಶಾಹಿಯ ವಿರುದ್ಧ ನಿಂತದ್ದು ಪ್ರಶ್ನಿಸುವ ಬುದ್ಧಿಯನ್ನು ನಂಬಿಯೇ. ಹಾಗಾಗಿ ನಮ್ಮ ತಕರಾರು ಎಕ್ಸ್‌ರೇ ಮೇಲಲ್ಲ. ಸ್ವತಂತ್ರ ಸಮಿತಿಯ ವರದಿ ಬಂದದ್ದು 2015ರಲ್ಲಿ, ಯಂತ್ರಗಳನ್ನು ನಿಲ್ದಾಣಗಳಿಂದ ಕಿತ್ತುಹಾಕಿದ್ದು 2013ರಲ್ಲಿ. ಮೊದಲು ಕೋಟಿ ಕೋಟಿ ಜನರನ್ನು ನಿಲ್ಲಿಸಿ ಆಮೇಲೆ ಪರೀಕ್ಷೆ. ಅಪಾಯ ಇರಲಿಲ್ಲ ಅನ್ನೋದು ಆ ಜನರ ಅದೃಷ್ಟ, ಅದನ್ನು ಸರ್ಕಾರದ ಪ್ರಾಮಾಣಿಕತೆ ಅಂತ ಬರೆದುಕೊಳ್ಳುವ ಹಾಗಿಲ್ಲ.

ಮೂರರಲ್ಲಿ ನಮಗೆ ಅತ್ಯಂತ ಹಿಡಿಸಿದ್ದು 2014ರ ಪ್ರಬಂಧ. ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಮಿಷಿಗನ್, ಜಾನ್ಸ್ ಹಾಪ್‌ಕಿನ್ಸ್‌ನವರು ಸೇರಿ ಬರೆದದ್ದು. ಯಂತ್ರವನ್ನು ಪರೀಕ್ಷಿಸುವ ದಾರಿ ಹೊರಗಿನವರಿಗೆ ಇಲ್ಲ. ಇವರೇನು ಮಾಡಿದರು ಗೊತ್ತಾ? ಹಳೇ ಸಾಮಾನು ಹರಾಜು ಹಾಕುವ ಇಬೇ ಎಂಬ ಸಂತೆಯಲ್ಲಿ ರಾಪಿಸ್ಕ್ಯಾನ್ ಸೆಕ್ಯೂರ್ 1000 ಅನ್ನುವ ಅದೇ ಯಂತ್ರದ ಹಳೆಯ ಮಾದರಿಯೊಂದನ್ನು ಕೊಂಡುಕೊಂಡು ಬಂದರು! ಸರ್ಕಾರ ಮುಚ್ಚಿಟ್ಟದ್ದು ಸಂತೆಯಲ್ಲಿ ಸಿಕ್ಕಿತು. ಬಿಚ್ಚಿದರು, ನೋಡಿದರು, ತಾವೇ ಎದುರಿಗೆ ನಿಂತರು. ಅದರಿಂದ ಬೇಕೆಂದೇ ಹೆಚ್ಚು ಕಿರಣ ಚೆಲ್ಲಿಸುವುದು ಸುಲಭವಲ್ಲ ಅನ್ನುವುದನ್ನೂ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಆಮೇಲೆ ಬರುತ್ತದೆ ಪೆಟ್ಟು. ಚಿತ್ರದಲ್ಲಿ ಲೋಹ ಕರ್ರಗೆ, ಮೈಯ ಹಿಂದಿನ ಬಯಲೂ ಕರ್ರಗೆ. ಪಿಸ್ತೂಲನ್ನು ಹೊಟ್ಟೆಯ ಮೇಲಿಟ್ಟರೆ ತಾನೇ ಕಾಣುವುದು? ಮೈಯ ಪಕ್ಕಕ್ಕೆ, ಬಯಲಿನ ಕಡೆಗೆ ಕಟ್ಟಿಕೊಂಡರೆ ಕಪ್ಪಿನಲ್ಲಿ ಕಪ್ಪು ಕರಗಿಹೋಯಿತು. ಸಿಡಿಮದ್ದಿನಂಥ ಮೆತ್ತನೆಯ ಹಿಟ್ಟನ್ನು ಹೊಟ್ಟೆಯ ಸುತ್ತ ರೊಟ್ಟಿಯ ಹಾಗೆ ತಟ್ಟಿಕೊಂಡರೆ ಅದು ಮಾಂಸದ ಹಾಗೇ ಬೆಳ್ಳಗೆ ಕಂಡಿತು. ಯಾವ ಪುಡಿಗಾಗಿ ಕೋಟ್ಯಂತರ ಜನರ ಬಟ್ಟೆಯೊಳಗೆ ಇಣುಕಿದರೋ ಆ ಪುಡಿಯೇ ಯಂತ್ರಕ್ಕೆ ಕಾಣಲಿಲ್ಲ.

ಈ ಪ್ರಬಂಧದ ಗದ್ಯವನ್ನು ನಮ್ಮ ಬರಹಗಾರರು ಗಮನಿಸಬೇಕು. ಎಲ್ಲೂ ಅಬ್ಬರ ಇಲ್ಲ, ಘೋಷಣೆ ಇಲ್ಲ. ಮಾಡಿದ್ದನ್ನು ಮಾಡಿದ ಕ್ರಮದಲ್ಲೇ ಹೇಳುತ್ತದೆ, ಬೇಕಾದರೆ ನೀವೂ ಮಾಡಿ ನೋಡಿ ಅನ್ನುತ್ತದೆ. ನಮ್ಮ ಎಷ್ಟೋ ಕೋಪದ ಕವಿತೆಗಳಿಗಿಂತ ಹೆಚ್ಚಿನ ಬಂಡಾಯ ಅದರಲ್ಲಿದೆ.

ವ್ಯಾಪಾರದ ಸಂಗತಿಯನ್ನು ಬೇಗ ಹೇಳಿ ಮುಗಿಸುತ್ತೇವೆ. 2009ರವರೆಗೆ ಅಮೆರಿಕದ ಆಂತರಿಕ ಭದ್ರತೆಯ ಮಂತ್ರಿಯಾಗಿದ್ದ ಮೈಕೆಲ್ ಚೆರ್ಟಾಫ್, ಆ ಕ್ರಿಸ್‌ಮಸ್ ಘಟನೆಯಾದ ಮೇಲೆ ಈ ಯಂತ್ರ ಬೇಕೇ ಬೇಕು ಅಂತ ಟಿ.ವಿ.ಗಳಲ್ಲಿ ವಾದಿಸಿದರು. ಅವರು ನಡೆಸುತ್ತಿದ್ದ ಸಲಹಾ ಸಂಸ್ಥೆಗೆ ರಾಪಿಸ್ಕ್ಯಾನ್ ಗಿರಾಕಿಯಾಗಿತ್ತು. ಇದರಲ್ಲಿ ನಮ್ಮವರಿಗೆ ಆಶ್ಚರ್ಯವೇನಿಲ್ಲ.

ಆದರೆ ಯಂತ್ರ ಹೋದದ್ದು ಹೇಗೆ ಅನ್ನುವುದು ಮುಖ್ಯ. ಚಿತ್ರಗಳನ್ನು ಉಳಿಸಿಕೊಳ್ಳುವುದಿಲ್ಲ ಅಂತ ಇಲಾಖೆ ಆಣೆ ಹಾಕಿತ್ತು. ಖಾಸಗಿತನದ ಪರ ಹೋರಾಡುವ ಒಂದು ಸಂಘ ಮಾಹಿತಿ ಕಾಯ್ದೆಯಡಿ ಕಾಗದ ಹೊರತೆಗೆದಾಗ, ಪರೀಕ್ಷೆಯ ಹೊತ್ತಿನಲ್ಲಿ ಚಿತ್ರ ಉಳಿಸುವ ಸೌಲಭ್ಯ ಇರಲೇಬೇಕು ಅಂತ ಇಲಾಖೆಯೇ ಬರೆಸಿಕೊಂಡದ್ದು ಬಯಲಾಯಿತು. ಫ್ಲಾರಿಡಾದ ಆರ್ಲಾಂಡೋ ನಗರದ ನ್ಯಾಯಾಲಯವೊಂದರ ಬಾಗಿಲಲ್ಲಿದ್ದ ಇಂಥದೇ ಇನ್ನೊಂದು ಯಂತ್ರದಲ್ಲಿ ಸುಮಾರು 35,000 ಚಿತ್ರಗಳು ಕೂತಿದ್ದವು. ಗದ್ದಲ ಎದ್ದಿತು. ಕೊನೆಗೆ 2012ರಲ್ಲಿ ಅಲ್ಲಿನ ಸಂಸತ್ತು ಬೆತ್ತಲೆ ಚಿತ್ರ ಬೇಡ, ಮಕ್ಕಳು ಸ್ಲೇಟಿನ ಮೇಲೆ ಬರೆಯುವಂಥ ಬೊಂಬೆಯ ಗುರುತು ಮಾತ್ರ ಸಾಕು ಅಂತ ಕಾನೂನು ಮಾಡಿತು. ರಾಪಿಸ್ಕ್ಯಾನಿಗೆ ಗಡುವಿನೊಳಗೆ ಅದು ಆಗಲಿಲ್ಲ, 2013ರ ಮೇ ಮುಗಿಯುವ ಹೊತ್ತಿಗೆ ಯಂತ್ರಗಳು ಹೊರಬಿದ್ದವು. ಪ್ರಯಾಣಿಕರು ಗೆದ್ದರು. ಯಂತ್ರಗಳು ಎಲ್ಲಿಗೆ ಹೋದವು? ಅವುಗಳಲ್ಲಿ ಬಹಳಷ್ಟು ಅಯೋವಾ, ಲೂಸಿಯಾನಾ, ವರ್ಜೀನಿಯಾ ರಾಜ್ಯಗಳ ಜೈಲುಗಳಿಗೆ ಹೋದವು. ಟಿಕೆಟ್ ಕೊಂಡವನ ಚರ್ಮಕ್ಕೆ ಬೇಡವಾದದ್ದು ಕೈದಿಯ ಚರ್ಮಕ್ಕೆ ಆಗುತ್ತದೆ. ಅಮೆರಿಕದ ಜೈಲುಗಳಲ್ಲಿ ಯಾರು ಹೆಚ್ಚು ಅಂತ ಬಿಡಿಸಿ ಹೇಳಬೇಕಿಲ್ಲ.

ನಿಲ್ದಾಣದಲ್ಲಿ ಉಳಿದ ಮಿಲಿಮೀಟರ್ ಅಲೆಯ ಯಂತ್ರವೂ ಎಲ್ಲರನ್ನೂ ಒಂದೇ ಕಣ್ಣಿಂದ ನೋಡುವುದಿಲ್ಲ. ಕಪ್ಪು ಹೆಂಗಸರ ಗುಂಗುರು ಕೂದಲು, ಜಡೆ ಕಂಡರೆ ಅದು ಕೂಗಿಕೊಳ್ಳುತ್ತದೆ. ಸಿಖ್ಖರ ರುಮಾಲು ಕಂಡರೂ ಅಷ್ಟೆ. ಕೂದಲಿಗೆ ಕೈಹಾಕಿ ತಡಕಿಸಿಕೊಂಡ ಕಪ್ಪು ಹೆಂಗಸರ ದೂರುಗಳು 2019ರಲ್ಲಿ ಅಲ್ಲಿನ ಪತ್ರಿಕೆಗಳಲ್ಲಿ ಬಂದವು. ಯಂತ್ರದೊಳಗೆ ನಿಂತವರು ಗಂಡೋ ಹೆಣ್ಣೋ ಅಂತ ಅಧಿಕಾರಿ ಒಂದು ಗುಂಡಿ ಒತ್ತಬೇಕಿತ್ತು. ಎರಡರಲ್ಲೂ ಸೇರದವರ ಮೈ ಇಡೀ ಅಪಾಯವಾಗಿ ಕಾಣುತ್ತಿತ್ತು. 2023ರಲ್ಲಿ ಆ ಗುಂಡಿಯನ್ನು ತೆಗೆಯಲು ಹೊರಟರು. ಮಾದರಿ ಮೈ ಒಂದನ್ನು ಯಂತ್ರಕ್ಕೆ ಕಲಿಸಿದವರು ಯಾರೋ ಇದ್ದಾರಲ್ಲ, ಅವರ ಮನೆಯ ಕನ್ನಡಿಯಲ್ಲಿ ಕಂಡ ಮೈಯೇ ಮಾದರಿಯಾಯಿತು.

ಮೈ ಹುಡುಕುವ ಈ ವಿದ್ಯೆ ವಿಮಾನ ನಿಲ್ದಾಣದಲ್ಲಿ ಹುಟ್ಟಿದ್ದೂ ಅಲ್ಲ. ದಕ್ಷಿಣ ಆಫ್ರಿಕದ ಕಿಂಬರ್ಲಿಯ ವಜ್ರದ ಗಣಿಗಳಲ್ಲಿ 1880ರ ದಶಕದಲ್ಲಿ ಕಪ್ಪು ಕೆಲಸಗಾರರನ್ನು ಬೆತ್ತಲೆ ನಿಲ್ಲಿಸಿ ಹುಡುಕುತ್ತಿದ್ದರು. ತಪಾಸಣೆಯ ನಿಯಮ ತಮ್ಮ ಮೇಲೂ ಬಂದಾಗ ಬಿಳಿ ಕೆಲಸಗಾರರು ಮುಷ್ಕರ ಹೂಡಿದರು. ಕಪ್ಪು ಜನರ ಬೆತ್ತಲೆ ಮಾತ್ರ ಮುಂದುವರಿಯಿತು. ಮುಂದೆ ವಜ್ರ ಕದಿಯುವವರನ್ನು ಹಿಡಿಯಲು ಡಿ ಬೀರ್ಸ್ ಕಂಪೆನಿ ಕಡಿಮೆ ಕಿರಣದ ಎಕ್ಸ್‌ರೇ ಯಂತ್ರವನ್ನೇ ಮಾಡಿಸಿತು. ಆಮೇಲೆ ಅದೇ ವಿದ್ಯೆ ಆಸ್ಪತ್ರೆಗೆ ಹೋಗಿ ಗಾಯಾಳುಗಳ ಜೀವ ಉಳಿಸಿತು ಅನ್ನೋದೂ ನಿಜ.

ಅಷ್ಟು ದೂರ ಯಾಕೆ? ನಮ್ಮ ಕೋಲಾರದ ಚಿನ್ನದ ಗಣಿ ಇದೆ. ಅಲ್ಲಿ ಪಾತಾಳಕ್ಕೆ ಇಳಿದವರಲ್ಲಿ ಬಹುಪಾಲು ತಮಿಳು ಮಾತಾಡುವ ಆದಿದ್ರಾವಿಡರು, ನಮ್ಮವರು. ಚಿನ್ನದ ಕಳ್ಳತನ ತಡೆಯುವ ನೆಪದಲ್ಲಿ ಎಲ್ಲ ಕೆಲಸಗಾರರ ಬೆರಳಚ್ಚು ತೆಗೆದು ದಾಖಲು ಮಾಡಲು ಹೊರಟಾಗ, 1930ರಲ್ಲಿ ಅವರು ಕೆಲಸ ನಿಲ್ಲಿಸಿ ಬೀದಿಗಿಳಿದರು. ಖಾಸಗಿತನ ಅನ್ನುವ ಶಬ್ದ ಅವರ ಬಾಯಲ್ಲಿ ಇರಲಿಲ್ಲ. ನಮ್ಮನ್ನು ಕಳ್ಳರು ಅಂತ ಬರೆದಿಟ್ಟುಕೊಳ್ಳಬೇಡಿ ಅನ್ನುವುದು ಮಾತ್ರ ಅವರಿಗೆ ಚೆನ್ನಾಗಿ ಗೊತ್ತಿತ್ತು. ಖಾಸಗಿತನ ಪೇಟೆಯ ಓದಿದವರ ಚಟ ಅನ್ನುವವರು ಕೆ.ಜಿ.ಎಫ್.ಗೆ ಒಮ್ಮೆ ಹೋಗಿ ಬರಲಿ.

ಇನ್ನು ಭಾರತ ದೇಶದ ಮಾನ. 2010ರ ಡಿಸೆಂಬರಿನಲ್ಲಿ ಅಮೆರಿಕದ ಮಿಸಿಸಿಪ್ಪಿಯ ಒಂದು ನಿಲ್ದಾಣದಲ್ಲಿ ನಮ್ಮ ರಾಯಭಾರಿ ಮೀರಾ ಶಂಕರ್ ಅವರನ್ನು ಸೀರೆ ಉಟ್ಟಿದ್ದರೆಂದು ಪಕ್ಕಕ್ಕೆ ಕರೆದು ಕೈಯಿಂದ ತಡಕಿದರು. ಆಗ ವಿದೇಶಾಂಗ ಮಂತ್ರಿಯಾಗಿದ್ದವರು ಮದ್ದೂರು ಕಡೆಯ ಎಸ್.ಎಂ. ಕೃಷ್ಣ. ಇದನ್ನು ಒಪ್ಪಲಾಗದು ಅಂದರು. ಸರಿಯಾಗಿಯೇ ಅಂದರು. ಅದಕ್ಕೂ ಮೊದಲು 2009ರ ಏಪ್ರಿಲಿನಲ್ಲಿ ದೆಹಲಿಯಲ್ಲೇ ಒಂದು ಅಮೆರಿಕನ್ ವಿಮಾನ ಕಂಪೆನಿಯವರು ಮಾಜಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರ ಮೈ ತಡಕಿದ್ದರು. ಕಲಾಂ ದೂರು ಕೊಡಲಿಲ್ಲ. ಸಂಸತ್ತು ಬೆಂಕಿಯಾಯಿತು, ಕಂಪೆನಿ ಕ್ಷಮೆ ಕೇಳಿತು.

ಸಂಸತ್ತಿಗೆ ಸಿಟ್ಟು ಬಂದದ್ದು ಯಾಕೆ? ಮನುಷ್ಯನ ಮೈ ತಡಕಿದ್ದಕ್ಕಲ್ಲ. ಪಟ್ಟಿಯಲ್ಲಿದ್ದವರ ಮೈ ತಡಕಿದ್ದಕ್ಕೆ. ಹೌದು, ನಮ್ಮಲ್ಲಿ ಒಂದು ಪಟ್ಟಿ ಇದೆ. ವಿಮಾನ ಹತ್ತುವ ಮುಂಚೆ ಯಾರನ್ನು ತಪಾಸಣೆ ಮಾಡಬಾರದು ಅನ್ನುವ ಪಟ್ಟಿ. ರಾಷ್ಟ್ರಪತಿ, ಪ್ರಧಾನಿ, ರಾಜ್ಯಪಾಲರು, ಮುಖ್ಯ ನ್ಯಾಯಮೂರ್ತಿ, ಮುಖ್ಯಮಂತ್ರಿಗಳು, ಹೀಗೆ ಉದ್ದಕ್ಕೆ ಇಳಿಯುತ್ತದೆ. ವಿಶೇಷ ಭದ್ರತೆಯವರ ಜತೆ ಪ್ರಯಾಣ ಮಾಡುವಾಗ ಅಂತ ಷರತ್ತು ಹಾಕಿ, ಯಾವ ಹುದ್ದೆಯೂ ಇಲ್ಲದ ರಾಬರ್ಟ್ ವಾದ್ರಾ ಅವರ ಹೆಸರನ್ನೂ 2015ರ ಸೆಪ್ಟೆಂಬರಿನವರೆಗೆ ಅದರಲ್ಲಿ ಬರೆದಿದ್ದರು. ಆ ಪಟ್ಟಿಯನ್ನು ನಾವು ಎರಡೆರಡು ಸಲ ಓದಿದೆವು, ನಗು ಬಂತು. ಸಾವಿರಾರು ವರ್ಷ ಮುಟ್ಟಬಾರದವರು ಅಂದರೆ ನಾವು. ಈಗ ಮುಟ್ಟಬಾರದವರು ಅಂದರೆ ಇವರು! ಮುಟ್ಟದೇ ಇರುವುದು ಕೆಳಗೆ ಅವಮಾನವಾಗುತ್ತದೆ, ಮೇಲೆ ಮರ್ಯಾದೆಯಾಗುತ್ತದೆ. ವರ್ಣವ್ಯವಸ್ಥೆಗೆ ಯಾವ ಯಂತ್ರ ಕೊಟ್ಟರೂ ತನ್ನ ಕೆಲಸ ಮಾಡಿಸಿಕೊಳ್ಳುತ್ತದೆ. ಅದೇ ನಿಲ್ದಾಣದ ನೆಲ ಒರೆಸುವ ಹೆಂಗಸನ್ನು ಪ್ರತಿ ಪಾಳಿಗೂ ಒಳಬಿಡುವ ಮುಂಚೆ ತಡಕುತ್ತಾರೆ, ಅದು ಸುದ್ದಿಯಲ್ಲ.

ಈಗ ಹೊಸ ಮಾತು ಡಿಜಿಯಾತ್ರಾ. 2022ರ ಡಿಸೆಂಬರ್ 1ರಂದು ದೆಹಲಿ, ವಾರಾಣಸಿಯ ಜತೆ ನಮ್ಮ ದೇವನಹಳ್ಳಿಯ ನಿಲ್ದಾಣದಲ್ಲೂ ಶುರುವಾಯಿತು. ಮುಖ ತೋರಿಸಿದರೆ ಬಾಗಿಲು ತೆರೆಯುತ್ತದೆ. ಅದನ್ನು ನಡೆಸುವ ಸಂಸ್ಥೆಯಲ್ಲಿ ಸರ್ಕಾರದ ನಿಲ್ದಾಣ ಪ್ರಾಧಿಕಾರದ ಪಾಲು ನೂರಕ್ಕೆ 26, ಮಿಕ್ಕದ್ದು ಬೆಂಗಳೂರಿನದೂ ಸೇರಿ ನಿಲ್ದಾಣ ನಡೆಸುವ ಕಂಪೆನಿಗಳದು. ಮಾಹಿತಿ ಹಕ್ಕಿನ ಕಾಯ್ದೆಗೆ ಅದು ಬರುವುದಿಲ್ಲ ಅಂತ ಸರ್ಕಾರ ಹೇಳಿದೆ. ಮತ್ತೆ ಅದೇ: ನಮ್ಮ ಮುಖ ಅವರಿಗೆ ಕಾಣಬೇಕು, ಅವರ ಕಾಗದ ನಮಗೆ ಕಾಣಬಾರದು. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ್ದು ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲೇ. ಅದೇ 2017ರಲ್ಲಿ ಬೆಂಗಳೂರಿನ ಪೌರಕಾರ್ಮಿಕರಿಗೆ ಬೆರಳು ಒತ್ತಿ ಹಾಜರಿ ಹಾಕುವ ಯಂತ್ರ ಬಂತು. ಕಸ ಬಾಚಿ ಬಾಚಿ ಗೆರೆ ಸವೆದ ಬೆರಳನ್ನು ಅಂಥ ಯಂತ್ರ ಗುರುತಿಸದೇ ಹೋದರೆ ಆ ದಿನದ ಕೂಲಿಯನ್ನು ಯಾರು ಕೊಡಬೇಕು? ಪ್ರಯಾಣಿಕನಿಗೆ ಬೇಕಾದರೆ ಮುಖ, ಬೇಡವಾದರೆ ಕಾಗದದ ಟಿಕೆಟ್. ಇವರಿಗೆ ಅಂಥ ಎರಡನೆಯ ಸಾಲು ಇಲ್ಲ.

2014ರ ಆ ಪ್ರಬಂಧ ಯಾರು ಬೇಕಾದರೂ ಓದುವ ಹಾಗೆ ಬಿಟ್ಟಿಯಾಗಿ ಸಿಗುತ್ತದೆ. ಈ ಪುಟಗಳನ್ನು ಓದುವ ವಿಜ್ಞಾನದ ಮೇಷ್ಟ್ರುಗಳಲ್ಲಿ, ಬಿ.ಎಸ್ಸಿ. ಹುಡುಗ ಹುಡುಗಿಯರಲ್ಲಿ ಯಾರಾದರೂ ಅದನ್ನು ಕನ್ನಡಕ್ಕೆ ತಂದುಕೊಡಲಿ. ಪಿಸ್ತೂಲಿನ ಭಾಗ ಒಂದನ್ನೇ ತಂದರೂ ಸಾಕು. ಗಣಿತದ ಜಾಗಗಳಲ್ಲಿ ನಮಗೆ ತಿಳಿಯದ್ದು ಬಹಳ ಇದೆ, ಕೂತು ಓದಬೇಕು.